ಮುನಿಶಾಮಪ್ಪನವರೂ ಎದುರುಗಾಳಿಯೂ

ಕೆಲವರಿಗೆ ದಾಯಾದಿಗಳ ಮೇಲೆ ಸಿಟ್ಟಿರುತ್ತದೆ, ಕೆಲವರಿಗೆ ಸರ್ಕಾರದ ಮೇಲೆ. ಯಲಹಂಕದ ದ್ರಾಕ್ಷಿತೋಟದ ಮುನಿಶಾಮಪ್ಪನವರಿಗೆ ಸಿಟ್ಟಿದ್ದದ್ದು ಗಾಳಿಯ ಮೇಲೆ. ಬಲಭುಜವನ್ನು ಮುಂದೆ ಮಾಡಿ, ತಲೆಯನ್ನು ಕೊಂಚ ತಗ್ಗಿಸಿ, ಬಿಗಿದುಕೊಂಡ ಬಾಗಿಲನ್ನು ನೂಕಿ ಒಳಹೋಗುವವರಂತೆ ಅವರು ನಡೆಯುತ್ತಿದ್ದರು. ಎಲೆಯೊಂದೂ ಅಲುಗದ ಚೈತ್ರದ ಮಧ್ಯಾಹ್ನದಲ್ಲೂ ಆ ನಡಿಗೆ ಬದಲಾಗುತ್ತಿರಲಿಲ್ಲ. ಮೈಮೇಲೆ ಸರ್ವಋತುಗಳಿಗೂ ಒಂದೇ ಕಪ್ಪು ಉಣ್ಣೆಯ ಕೋಟು, ಕತ್ತಿನವರೆಗೂ ಗುಂಡಿ. ಮಾತಿನ ನಡುವೆ ಕಿಟಕಿಯಿಂದ ಗಾಳಿ ನುಗ್ಗಿದರೆ ಮಾತು ನಿಲ್ಲಿಸಿ, ಕಿಟಕಿಯನ್ನೊಮ್ಮೆ ದುರುಗುಟ್ಟಿ ನೋಡಿ, ಅದಕ್ಕೆ ಬುದ್ಧಿ ಬಂತೆಂದು ಖಾತ್ರಿಯಾದ ಮೇಲೆಯೇ ಮುಂದುವರಿಯುತ್ತಿದ್ದರು. ಅವರ ಎದುರುಮನೆಯಲ್ಲಿ ಬಾಡಿಗೆಗಿದ್ದ ಶಾಲಾ ಮೇಷ್ಟ್ರಾದ ನಾನು ಮೊದಮೊದಲು ಇದನ್ನು ಬರೀ ತಿಕ್ಕಲುತನವೆಂದೇ ಎಣಿಸಿದ್ದೆ.

ಈ ವೈರಕ್ಕೆ ಮೂಲ ಅವರ ಮೋಟಾರ್ ಸೈಕಲ್ಲು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಆ ಇಂಗ್ಲಿಷ್ ಬೈಕನ್ನು ಅವರು ತಂದು, ದ್ರಾಕ್ಷಿ ಗಿಡಗಳಿಗೆ ತೋರಿಸುತ್ತಿದ್ದ ಅಕ್ಕರೆಯನ್ನೇ ಅದಕ್ಕೂ ತೋರಿಸಿ ಸಾಕಿದ್ದರು. ತಂದದ್ದು ಶೋಕಿಗಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ರಾಮಲಕ್ಷ್ಮಮ್ಮನವರಿಗೆ ಮದರಾಸಿನ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರು. ಕೆರೆಗಿಂತ ದೊಡ್ಡ ನೀರನ್ನು ಕಂಡರಿಯದ ಆ ತಾಯಿ ಅದನ್ನು ಮರೆತಿರಲಿಲ್ಲ. ಆದರೆ ಬಸ್ಸು ಹತ್ತಿದರೆ ಬ್ಯಾಟರಾಯನಪುರ ದಾಟುವುದರೊಳಗೆ ಅವರಿಗೆ ವಾಂತಿ, ಚಿಕ್ಕಬಳ್ಳಾಪುರದ ಸಣ್ಣ ರೈಲು ಹತ್ತಿದರೆ ಕಲ್ಲಿದ್ದಲ ಹೊಗೆಗೆ ಉಬ್ಬಸ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದು ಬೇರೆಯವರಾಗಿದ್ದರೆ ಕೈಚೆಲ್ಲುತ್ತಿದ್ದರು. ಮುನಿಶಾಮಪ್ಪನವರು ಮಾತ್ರ ತಮ್ಮ ಎಂದಿನ ಪಲ್ಲವಿಯನ್ನೇ ಹಾಡಿದರು: "ಅದ್ಯಾಕಾಗಲ್ಲ, ನೋಡೇ ಬುಡಾನ." ಹೊಗೆಯಿಲ್ಲದ, ಬಾಗಿಲಿಲ್ಲದ ವಾಹನವಾದರೆ ಆಕೆ ಕೂರಬಲ್ಲರೆಂದು ಲೆಕ್ಕ ಹಾಕಿ ಬೈಕು ತಂದರು.

ಆಕೆ ಕೂತರು, ವಾಂತಿಯೂ ಆಗಲಿಲ್ಲ, ಉಬ್ಬಸವೂ ಬರಲಿಲ್ಲ. ಆದರೆ ಚಿಕ್ಕಂದಿನಿಂದಲೇ ಎಡಕಿವಿ ಕೇಳದ ಆಕೆಗೆ ಬಲಕಿವಿಯೊಂದೇ ಆಧಾರ. ವೇಗ ಹೆಚ್ಚಿದಂತೆಲ್ಲ ಗಾಳಿ ಆ ಕಿವಿಗೆ ಪಟಪಟನೆ ಬಡಿದು, ಇಳಿದ ಮೇಲೆ ಗಂಟೆಗಟ್ಟಲೆ ಗುಂಯ್‌ಗುಡುತ್ತಿತ್ತು. ಹೆಬ್ಬಾಳದ ಡಾಕ್ಟರೊಬ್ಬರು ನೋಡಿ, ಈ ಬಡಿತ ಹೀಗೇ ಮುಂದುವರಿದರೆ ಇದ್ದೊಂದು ಕಿವಿಯೂ ಹೋದೀತೆಂದು ಎಚ್ಚರಿಸಿದರು. ಅಂದು ಸಂಜೆ ಜಗಲಿಯ ಮೇಲೆ ಕೂತಿದ್ದ ಮುನಿಶಾಮಪ್ಪನವರಿಗೆ ನಾನು, ಮದರಾಸಿನ ಯೋಚನೆಯನ್ನು ಬಿಡುವುದೇ ಕ್ಷೇಮವಲ್ಲವೇ ಎಂದೆ. "ಬುಡಿಸ್ತೀನಿ ಮೇಷ್ಟ್ರೇ," ಎಂದರು, "ಗಾಳೀನ ಬುಡಿಸ್ತೀನಿ. ಪ್ರಯಾಣ ಬುಡಲ್ಲ."

ಇಲ್ಲಿಂದ ಶುರುವಾಯಿತು ಗಾಳಿತಡೆಯ ಪರ್ವ. ಹೆಬ್ಬಾಳದ ಕೆರೆಯ ಬಳಿ ಜಟಕಾಗಳಿಗೆ ಕಮಾನು ಕಟ್ಟಿ ಜೀವನ ನಡೆಸುತ್ತಿದ್ದ ಖಾದರ್ ಬಾಷಾ ಮುನಿಶಾಮಪ್ಪನವರ ಗೆಳೆಯ. ಹಳೆಯ ವಿಮಾನವೊಂದರ ಕಿಟಕಿಯದೆಂದು ಗುಜರಿಯವನು ಆಣೆಯಿಟ್ಟು ಮಾರಿದ್ದ, ಗಾಜಿನಂತೆ ಕಾಣುವ ಆದರೆ ಒಡೆಯದ ಹಾಳೆಯೊಂದನ್ನು ಇಬ್ಬರೂ ಸೇರಿ ಕೆಂಡದ ಮೇಲೆ ಬಿಸಿಮಾಡಿ, ಬಗ್ಗಿಸಿ, ಹ್ಯಾಂಡಲಿನ ಮುಂದೆ ಕಬ್ಬಿಣದ ಪಟ್ಟಿಗಳಿಂದ ನಿಲ್ಲಿಸಿದರು. ಎದೆಯ ಮಟ್ಟಕ್ಕಿತ್ತು. ಸಾಲದೆಂದು ಗದ್ದದ ಮಟ್ಟಕ್ಕೆ ಏರಿಸಿದರು; ಅದೂ ಸಾಲದೆಂದು ಮೇಲೊಂದು ತುಂಡು ಜೋಡಿಸಿ ನೆತ್ತಿಯವರೆಗೆ ಎತ್ತಿದರು. ಪಕ್ಕದಿಂದ ನುಸುಳುವ ಗಾಳಿಗೆ ಜಟಕಾದ ಕ್ಯಾನ್ವಾಸಿನಿಂದ ಎರಡು ರೆಕ್ಕೆ, ಕೆಳಗೆ ದೀಪದ ಸುತ್ತ ಸಂದೇ ಇಲ್ಲದಂತೆ ತೊಗಲಿನ ಮುಚ್ಚಿಗೆ. ಕಡೆಕಡೆಗೆ ಆ ಬೈಕು ಬೀದಿಯಲ್ಲಿ ಬರುತ್ತಿದ್ದರೆ ಯಾರದೋ ಮನೆಯ ಮುಂಬಾಗಿಲೇ ಕಳಚಿಕೊಂಡು ಓಡಿ ಬಂದಂತಿರುತ್ತಿತ್ತು. ಅಂಗಡಿಯ ಆಂಜಿನಪ್ಪ "ಮುನಿಶಾಮಣ್ಣ, ಗೃಹಪ್ರವೇಶ ಯಾವಾಗ?" ಎಂದು ಕೂಗಿದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ.

ಪ್ರತಿ ತಿದ್ದುಪಡಿಯಾದ ಮೇಲೂ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ದೇವನಹಳ್ಳಿಯ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಇಳಿಸಿದ ಕೂಡಲೇ "ಈಗೆಂಗೆ?" ಎಂದು ಕೇಳುತ್ತಿದ್ದರು. ಆಕೆ "ಪರವಾಗಿಲ್ಲ" ಎನ್ನುತ್ತಿದ್ದರು. ಮಾಡಿದ ಸಾರಿಗೆ ಉಪ್ಪು ಜಾಸ್ತಿಯಾದರೂ ಗಂಡ ಪರವಾಗಿಲ್ಲ ಎನ್ನಬೇಕು, ಗಂಡ ತಂದ ಸೀರೆ ಕಣ್ಣಿಗೆ ರಾಚಿದರೂ ಹೆಂಡತಿ ಪರವಾಗಿಲ್ಲ ಎನ್ನಬೇಕು, ಇದು ಆ ಮನೆಯ ಸದಾಚಾರ. ಮುನಿಶಾಮಪ್ಪನವರಿಗೋ ಮುಂದೆ ಕೂತಲ್ಲಿ ನಿಜಕ್ಕೂ ನಿರಾಳವಾಗಿತ್ತು, ಮೀಸೆಯ ಕೂದಲೂ ಅಲುಗುತ್ತಿರಲಿಲ್ಲ. ಹಾಗಾಗಿ ಆಕೆಯ ಮಾತನ್ನು ಅವರು ನಂಬಿ, ತಡೆ ಏರಿಸಿದಷ್ಟೂ ಒಳ್ಳೆಯದೆಂದುಕೊಂಡರು.

ನಂಬಿಕೆ ಒಡೆದದ್ದು ನೆತ್ತಿಯ ಮಟ್ಟದ ತಡೆ ಕೂರಿಸಿದ ದಿನ. ದೇವನಹಳ್ಳಿಯಿಂದ ಹಿಂದಿರುಗಿ ಇಳಿದ ರಾಮಲಕ್ಷ್ಮಮ್ಮನವರು ಜಗಲಿಯ ಕಂಬ ಹಿಡಿದು ನಿಂತರು. ಗಂಡ ಒಳಗಿನಿಂದ ನೀರು ತಂದು, ಬಲಗಡೆಗೇ ಬಂದು, "ತಗೋ" ಎಂದರು. ಆಕೆ ತಿರುಗಲಿಲ್ಲ. "ಲಕ್ಷ್ಮೀ, ನೀರು," ಎಂದು ಇನ್ನೂ ಜೋರಾಗಿ ಕರೆದರು. ಆಕೆ ರಸ್ತೆಯನ್ನೇ ನೋಡುತ್ತಿದ್ದರು. ಎದುರಿನ ನನ್ನ ಬಾಗಿಲಿಗೂ ಕೇಳಿಸಿದ ಆ ಕೂಗು ಮೊಳದ ಅಂತರದಲ್ಲಿದ್ದ ಆಕೆಗೆ ಕೇಳಿಸಲಿಲ್ಲ. ಕಡೆಗೆ ಅವರು ಎದುರಿಗೆ ಹೋಗಿ, ಚೊಂಬನ್ನು ಆಕೆಯ ಕೈಗೇ ಇಟ್ಟರು. ರಾತ್ರಿ ಊಟದ ಹೊತ್ತಿಗೆ ಕಿವಿ ಹಾಗೂ ಹೀಗೂ ತೆರೆದುಕೊಂಡಿತಂತೆ.

ಬೆಳಗ್ಗೆ ಖಾದರ್ ಬಾಷಾ ಬಂದವನೇ, "ಬಿಡಣ್ಣಾ, ಅಕ್ಕಂದು ಕಿವಿ ಮುಖ್ಯ. ಬಿಚ್ಚಿ ಹಾಕ್ತೀನಿ," ಎಂದ.

"ಬಿಚ್ಚೋದಿರ್ಲಿ. ನೀನ್ ಗಾಡಿ ಓಡ್ಸು. ನಾ ಇಂದ್ಗಡೆ ಕೂತ್ಕಂತೀನಿ."

"ನೀನಾ?"

"ಅವ್ಳ್ ಕೂರೋ ಜಾಗದಾಗೆ ನಾನೊಂದ್ ದಿನಾನಾದ್ರೂ ಕೂತಿದ್ನಾ?"

ಕೂತರು. ಆ ದೃಶ್ಯವನ್ನು ಯಲಹಂಕದ ಹಳಬರು ಇಂದಿಗೂ ನೆನೆದು ನಗುತ್ತಾರೆ. ಕಾಲನ್ನು ಎರಡು ಬದಿಗೆ ಹಾಕಿ ಕೂತರೆ ಸತ್ಯ ತಿಳಿಯುವುದಿಲ್ಲವೆಂದು, ಹೆಂಗಸರಂತೆ ಎರಡು ಕಾಲನ್ನೂ ಒಂದೇ ಬದಿಗೆ ಇಳಿಬಿಟ್ಟರು. ಬರಿತಲೆಯ ಅನುಭವ ಬೇರೆ, ಸೆರಗಿನ ಅನುಭವ ಬೇರೆ ಎಂದು ಹೆಂಡತಿಯ ಹಳೆಯ ಸೀರೆಯನ್ನು ತಲೆಯ ಮೇಲಿಂದ ಹೊದ್ದು ಗದ್ದದ ಕೆಳಗೆ ಹಿಡಿದುಕೊಂಡರು. ದಪ್ಪ ಮೀಸೆ, ಕಪ್ಪು ಕೋಟು, ಅದರ ಮೇಲೆ ಹಸುರು ಸೆರಗು! ಹಾಡುಹಗಲಲ್ಲಿ, ಸಂತೆಯ ದಿನ, ಊರ ನಟ್ಟನಡುವೆ ಆ ಮೆರವಣಿಗೆ ಹಾದುಹೋಯಿತು. ಆಂಜಿನಪ್ಪ ಅಂಗಡಿ ಬಿಟ್ಟು ಬೀದಿಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಮಾನಕ್ಕೆ ಅಂಜುವ ಮನೆತನ ಅವರದು, ಪಂಚಾಯಿತಿಯಲ್ಲಿ ಅವರ ತಂದೆಯ ಮಾತಿಗೆ ಎದುರಿರಲಿಲ್ಲ. ಆದರೂ ಆ ಮುಖದಲ್ಲಿ ಸಂಕೋಚದ ಗೆರೆಯೊಂದೂ ಮೂಡಲಿಲ್ಲ. ಆಮೇಲೆ ನಾನು ಕೇಳಿದ್ದಕ್ಕೆ, "ನಕ್ರೆ ಕಾಣೋದು ನಕ್ಕೋರ್ ಹಲ್ಲೇ ಅಲ್ವಾ ಮೇಷ್ಟ್ರೇ?" ಎಂದಷ್ಟೇ ಹೇಳಿದರು.

ಇಳಿದಾಗ ಅವರ ಕಣ್ಣು ಕೆಂಪಾಗಿತ್ತು. ಗಾಳಿಯಿಂದಲೋ, ಬೇರೆಯದರಿಂದಲೋ, ನಾನು ಕೇಳಲಿಲ್ಲ. ಗುಟ್ಟು ಮಾತ್ರ ಅವರಿಗೆ ತಿಳಿದಿತ್ತು: ಎತ್ತರದ ತಡೆಗೆ ಗುದ್ದಿದ ಗಾಳಿ ಸುಮ್ಮನಾಗುವುದಿಲ್ಲ, ಮುಂದಿನವನ ನೆತ್ತಿಯ ಮೇಲಿಂದ ಹಾರಿ, ತಡೆಯ ಹಿಂದಿನ ಬರಿದಾದ ಜಾಗಕ್ಕೆ ಸುರುಳಿ ಸುತ್ತಿಕೊಂಡು ಬಿದ್ದು, ಹಿಂದೆ ಕೂತವರ ಕಪಾಳಕ್ಕೆ ಬಾರಿಸುತ್ತದೆ. ತಡೆಯನ್ನು ಏರಿಸಿದಷ್ಟೂ ಅವರಿಗೆ ನೆಮ್ಮದಿ ಹೆಚ್ಚಿತ್ತು, ಆಕೆಗೆ ಪೆಟ್ಟು ಹೆಚ್ಚಿತ್ತು. "ಥೂ, ನನ್ ತ್ವಾಟದಾಗೇ ಇದ್ನ ಕಂಡಿದ್ದೆ," ಎಂದು ಹಣೆ ಚಚ್ಚಿಕೊಂಡರು. ಹಿಂದೊಮ್ಮೆ ದ್ರಾಕ್ಷಿ ಚಪ್ಪರದ ಪಡುವಣಕ್ಕೆ ಆಳೆತ್ತರದ ಮಣ್ಣಿನ ಗೋಡೆ ಹಾಕಿಸಿದ್ದರಂತೆ; ಆಷಾಢದ ಗಾಳಿ ಗೋಡೆ ಹಾರಿ ಬಂದು ಎರಡನೆಯ ಸಾಲಿನ ಬಳ್ಳಿಗಳನ್ನು ಹರಿದುಹಾಕಿತ್ತು. ಗೋಡೆ ತಗ್ಗಿಸಿ ಅಲ್ಲಲ್ಲಿ ಕಿಂಡಿ ಬಿಡಿಸಿದ ಮೇಲೆಯೇ ಚಪ್ಪರ ಉಳಿದದ್ದು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಅಂದೇ ಹ್ಯಾಕ್ಸಾ ಗರಗಸ ಹಿಡಿದರು. ಮೇಲಿನ ತುಂಡು ಹೋಯಿತು, ಕ್ಯಾನ್ವಾಸಿನ ರೆಕ್ಕೆಗಳು ಹೋದವು. ತಡೆಯನ್ನು ಮತ್ತೆ ಎದೆಯ ಮಟ್ಟಕ್ಕೆ ಕೊಯ್ದು, ಕೊಂಚ ಹಿಂದಕ್ಕೆ ಒರಗಿಸಿ, ದೀಪದ ಸುತ್ತಿನ ಮುಚ್ಚಿಗೆಯನ್ನು ಕಿತ್ತು ಕೈ ತೂರುವಷ್ಟು ಕಿಂಡಿ ಬಿಟ್ಟರು. ಈಗ ಮುಂದೆ ಕೂತವರ ಮುಖಕ್ಕೆ ಗಾಳಿ ನೇರವಾಗಿ ರಾಚುತ್ತಿತ್ತು, ಹಿಂದೆ ಬರುವಷ್ಟರಲ್ಲಿ ಸಾಧುವಾಗುತ್ತಿತ್ತು. ಒಮ್ಮೆ ಕೊಯ್ದು, ಹಿಂದೆ ಕೂತು ನೋಡಿ, ಇಳಿದು ಮತ್ತೆ ಕೊಯ್ಯುವುದು. ಸೀರೆ ಹೊದೆಯುವುದನ್ನು ಒಂದು ಸಲವೂ ತಪ್ಪಿಸಲಿಲ್ಲ. ಊರು ನಕ್ಕು ನಕ್ಕು ದಣಿದು ತನ್ನ ಕೆಲಸಕ್ಕೆ ಹೋಯಿತು.

ಕಡೆಗೊಂದು ದಿನ ರಾಮಲಕ್ಷ್ಮಮ್ಮನವರನ್ನು ಕೂರಿಸಿಕೊಂಡು ಹೋದರು. ಇಳಿದ ಮೇಲೆ "ಈಗೆಂಗೆ?" ಎಂದು ಕೇಳಿ, ಆಕೆ ಬಾಯಿ ತೆರೆಯುವ ಮುಂಚೆಯೇ, "ಪರವಾಗಿಲ್ಲ ಅಂದ್ರೆ ನೋಡು!" ಎಂದು ಬೆರಳೆತ್ತಿದರು.

"ದಾರಿ ಉದ್ದಕ್ಕೂ ಗಾಳೀನ ಬಯ್ಕಂಡ್ ಬಂದ್ರಲ್ಲ," ಎಂದರಾಕೆ, "ಒಂದೊಂದ್ ಮಾತೂ ಕೇಳುಸ್ತು."

ಮಾಘ ಮಾಸದಲ್ಲಿ ಮದರಾಸಿಗೆ ಹೊರಟರು. ಕೋಲಾರ, ಚಿತ್ತೂರು ಎಂದು ನಿಂತು ನಿಂತು ಹೋಗಿ, ಹಾಗೆಯೇ ನಿಂತು ನಿಂತು ಬಂದರು. ಬಂದ ಸಂಜೆ ನಾನು ಬೀದಿ ದಾಟಿ ಹೋಗಿ, ಜಗಲಿಯಲ್ಲಿ ಕೂತಿದ್ದ ಆಕೆಯನ್ನು ಮಾಮೂಲು ದನಿಯಲ್ಲೇ ಕೇಳಿದೆ: "ಸಮುದ್ರ ಹೇಗಿತ್ತಮ್ಮಾ?"

ಕೇಳಿಸಿತು. ಆಕೆ ನಕ್ಕರು. "ಎಲ್ ನೋಡಕ್ ಬುಟ್ರು ಮೇಷ್ಟ್ರೇ! ಮರಳ್ ಮೇಲೆ ಕಾಲಿಟ್ಟಿದ್ದೇ ತಡ, ಗಾಳಿ ಬಡೀತದೆ ಅಂತ ನನ್ ಮುಂದೆ ಅಡ್ಡ ನಿಂತ್ಕಂಡ್ರು. ಬೋ ಹೊತ್ತು ಇವ್ರ ಬೆನ್ನೇ ನೋಡ್ತಿದ್ದೆ. ಆಮ್ಯಾಕೆ ನಾನೇ ತೋಳಿಡ್ದು ಪಕ್ಕಕ್ಕೆಳ್ದೆ. ಅಬ್ಬಾ, ಏಟೊಂದ್ ನೀರು!"

"ಗಾಳಿ ಜೋರಾಗಿತ್ತು," ಎಂದು ಗೊಣಗಿದ ಮುನಿಶಾಮಪ್ಪನವರು ಅತ್ತ ತಿರುಗಿ ಕೂತರು.

ಲೋಕದಲ್ಲಿ ಮಾತಿನಿಂದ ಪ್ರೀತಿಸುವವರು ಹೇರಳ. ಅಡ್ಡ ನಿಂತು ಪ್ರೀತಿಸುವವರು ವಿರಳ. ಪೆಟ್ಟು ಎತ್ತಲಿಂದ ಬರುವುದೋ ಅತ್ತ ಎದೆಯೊಡ್ಡಿ ನಿಲ್ಲುವುದೊಂದೇ ಇವರಿಗೆ ಗೊತ್ತಿರುವ ವಿದ್ಯೆ, ಹಿಂದಿರುವವರಿಗೆ ಲೋಕವೇ ಮರೆಯಾಯಿತೆಂಬುದು ಇವರ ಅರಿವಿಗೆ ಬರುವುದಿಲ್ಲ. ಇಂಥವರ ನೆರಳಿನಲ್ಲಿ ಬದುಕುವವರು ಆಗಾಗ ತೋಳು ಹಿಡಿದು ಒಂದಿಷ್ಟು ಪಕ್ಕಕ್ಕೆ ಎಳೆಯಬೇಕು. ಗಾಳಿಗೆ ಒಂದಿಂಚೂ ಸರಿಯದವರು ಆ ಕೈಗೆ ಮಾತ್ರ ಸುಮ್ಮನೆ ಸರಿಯುತ್ತಾರೆ.