ಎರಡು ಊರಿನ ಒಂದು ಹಾಡು

ಗ್ರಾಮಾಫೋನು ತಟ್ಟೆಯ ನಡುವೆ ಅಂಟಿಸಿದ ಬಣ್ಣದ ಕಾಗದದಲ್ಲಿ ಹಾಡಿನ ಹೆಸರು ಕನ್ನಡದಲ್ಲೇ ಅಚ್ಚಾಗಿದ್ದರೂ ನಾಗಲಿಂಗಯ್ಯನವರು ಅದನ್ನು ಒಮ್ಮೆಯೂ ಬಾಯಿಬಿಟ್ಟು ಓದಿದವರಲ್ಲ. ಓದು ಬರುತ್ತಿರಲಿಲ್ಲವೆಂದಲ್ಲ, ಕೊರಟಗೆರೆಯ ಮಠದಲ್ಲಿ ಅಕ್ಷರ ಕಲಿತವರು, ಕಂಠವೂ ಗಟ್ಟಿ. ಆದರೆ ಹಠ ಅಂದರೆ ಹಠ. “ಕಂಪ್ನಿಯೋರು ಇಕ್ಕಿದ್ದು ಅಂಗಡಿ ಹೆಸ್ರು ಕಣಪ್ಪ. ಹಾಡಿಗೆ ಹೆಸ್ರು ಇಕ್ಬೇಕಾದೋರು ಕೇಳ್ದೋರು” ಎನ್ನುತ್ತಿದ್ದರು.

ಗ್ರಾಮಾಫೋನು ಪೆಟ್ಟಿಗೆಯನ್ನು ಬಲ ಹೆಗಲಿಗೇರಿಸಿ, ವರ್ಷಗಟ್ಟಲೆ ಹೊತ್ತ ಭಾರಕ್ಕೆ ಎಡಕ್ಕೆ ವಾಲಿಹೋದ ಮೈಗೆ ಮೊಣಕೈ ಸವೆದ ಕರಿ ಕೋಟು ತೊಟ್ಟು, ಮಧುಗಿರಿಯಿಂದ ಪಾವಗಡದ ಗಡಿಯವರೆಗೆ ಮದುವೆ ಮನೆಗಳಲ್ಲಿ ಹಾಡು ಹಾಕುತ್ತ ತಿರುಗುತ್ತಿದ್ದ ಈ ಮನುಷ್ಯನ ತಲೆಯಲ್ಲಿ ಒಂದೊಂದು ತಟ್ಟೆಗೂ ಊರಿಗೊಂದು ಹೆಸರಿತ್ತು. ಶಿರಾದ ಜಟಕಾ ಸಾಬರು ‘ದಿಲ್‌ಖುಷ್’ ಎಂದು ಕರೆದದ್ದು ಪಾವಗಡದ ತೆಲುಗರ ಕಡೆ ಹೆಣ್ಣೊಪ್ಪಿಸುವ ‘ಅಪ್ಪಗಿಂತಲ ಪಾಟ’ ಆಗುತ್ತಿತ್ತು. ಎಲ್ಲಿ ಯಾವ ಹೆಸರೋ ಅಲ್ಲಿ ಅದೇ ಅರ್ಥ. ಇದು ಅವರು ತಮಗೆ ತಾವೇ ವಿಧಿಸಿಕೊಂಡ ಶಾಸ್ತ್ರ. ಆ ಶಾಸ್ತ್ರದ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತೆನ್ನಿ.

ಅವುಗಳಲ್ಲಿ ಒಂದು ತಟ್ಟೆ ಕಳ್ಳಂಬೆಳ್ಳದವರಿಗೆ ‘ಕೋಡಿ ಹಾಡು’. ಕೆರೆ ಕೋಡಿ ಬಿದ್ದ ವರ್ಷ ಮೊದಲು ಕೇಳಿದ್ದರಿಂದ, ಆ ಊರಲ್ಲಿ ಅದಿಲ್ಲದೆ ಧಾರೆಯೇ ಇಲ್ಲ. ತೋವಿನಕೆರೆಯಲ್ಲಿ ಅದೇ ತಟ್ಟೆ ‘ಹೊನ್ನಕ್ಕನ ಹಾಡು’. ಪ್ಲೇಗಿಗೆ ಹೆದರಿ ಊರು ಬಿಟ್ಟವರು ಬಯಲಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ, ಕುರಿ ಸಾಕುವ ಗೌರಕ್ಕನ ಹಿರಿಮಗಳು ಹೊನ್ನಕ್ಕ ಅದನ್ನೇ ಕೇಳಬೇಕೆಂದು ಹಂಬಲಿಸಿ ನಾಗಲಿಂಗಯ್ಯನವರಿಂದ ಹಾಕಿಸಿಕೊಂಡು, ಹಾಡು ಮುಗಿಯುವ ಮೊದಲೇ ಉಸಿರು ಬಿಟ್ಟಿದ್ದಳು.

ಮೂರು ವರ್ಷದ ಮೇಲೆ ಗೌರಕ್ಕ ಕಿರಿಮಗಳನ್ನು ಕಳ್ಳಂಬೆಳ್ಳದ ಕ್ಯಾತಣ್ಣನ ಮಗನಿಗೆ ಕೊಡಲು ಒಪ್ಪಿದಾಗ, ಹಿರಿಯವಳು ಹೆರಿಗೆಯಲ್ಲಿ ಹೋದಳೆಂದು ಸುಳ್ಳು ಹೇಳಿದಳು. ಪ್ಲೇಗು ಹೊಕ್ಕ ಮನೆಯ ಹೆಣ್ಣನ್ನು ಯಾರು ತಂದಾರು? “ಅಯ್ನೋರೇ, ಅಲ್ಲಿ ಬಾಯ್ ಬುಟ್‌ಬುಟ್ಟೀರಾ, ನಿಮ್ ಕಾಲ್ಗೆ ಬೀಳ್ತೀನಿ” ಎಂದು ಬೇಡಿಕೊಂಡಳು. ನಾಗಲಿಂಗಯ್ಯನವರು ಲಿಂಗ ಮುಟ್ಟಿ ಮಾತು ಕೊಟ್ಟರು.

ಮದುವೆಯ ದಿನ ಕ್ಯಾತಣ್ಣ ಚಪ್ಪರದಿಂದಲೇ ಕೂಗಿದ: “ಕೋಡಿ ಹಾಡು ಇಕ್ಕಿ ಅಯ್ನೋರೇ, ಧಾರೆ ಹೊತ್ತಾಯ್ತು!”

ಗೌರಕ್ಕ ಮಗಳ ಬೆನ್ನ ಹಿಂದೆಯೇ ನಿಂತಿದ್ದಳು. ನಾಗಲಿಂಗಯ್ಯನವರು ಅವಳನ್ನು ನೋಡಿದರು, ತಟ್ಟೆಯನ್ನೂ ನೋಡಿದರು. ತಟ್ಟೆ ಬಿರುಕು ಬಿಟ್ಟಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು, ಪುಣ್ಯಾತ್ಮನಿಗೆ! ಆದರೆ ಶಾಸ್ತ್ರ ಬಿಡಲಿಲ್ಲ. ಇದು ಕಳ್ಳಂಬೆಳ್ಳ, ಇಲ್ಲಿ ಇದು ಮಂಗಳದ ಹಾಡು ಎಂದುಕೊಂಡು ಕೀಲಿ ಕೊಟ್ಟು ಮುಳ್ಳನ್ನು ಇಳಿಸಿದರು.

ಮೊದಲ ಸೊಲ್ಲಿಗೇ ಗೌರಕ್ಕ ನೆಲಕ್ಕೆ ಕುಸಿದಳು. “ಹೊನ್ನಾ, ಕಣ್ ಬುಡವ್ವಾ! ಪ್ಲೇಗಮ್ಮ ಬುಟ್ಟೋಯ್ತಾಳೆ, ಕಣ್ ಬುಡು!”

ಕ್ಯಾತಣ್ಣ ಮಗನ ರಟ್ಟೆ ಹಿಡಿದು ಹಸೆಯಿಂದ ಎಬ್ಬಿಸಿದ. ಹುಡುಗಿ ಅರಿಶಿನದ ಮೈಯಲ್ಲೇ ಗಾಡಿ ಹತ್ತಿದಳು.

“ನಿಮ್ಗೆ ಗೊತ್ತಿತ್ತಲ್ಲ ಅಯ್ನೋರೇ” ಎಂದಳು ಗೌರಕ್ಕ.

“ಈ ಊರಲ್ಲಿ ಅದು ಕೋಡಿ ಹಾಡು ಕಣಮ್ಮ...”

“ಈ ಊರಿಗೆ ಬಂದೆ ಅಂತ ಬ್ಯಾರೆ ಕಿವಿ ತಂದಿದ್ನಾ ನಾನು?”

ಆ ಹುಡುಗಿಯನ್ನು ಕೇಳಿಕೊಂಡು ಮತ್ತೆ ಯಾರೂ ಬರಲಿಲ್ಲ. ಕುರಿ ಕಾಯುತ್ತಲೇ ಅವಳ ತಲೆ ನರೆಯಿತು. ನಾಗಲಿಂಗಯ್ಯನವರು ಇನ್ನೂ ಒಂಬತ್ತು ವರ್ಷ ಊರೂರು ತಿರುಗಿದರು, ಹಾಡು ಹಾಕಿದರು, ತೋವಿನಕೆರೆಯನ್ನು ಮಾತ್ರ ಬಳಸಿಕೊಂಡು ಹೋಗುತ್ತಿದ್ದರು.

ಇಂಥವರನ್ನು ಕೆಟ್ಟವರೆನ್ನಲು ಬಾಯಿ ಬರುವುದಿಲ್ಲ. ಲೋಕದ ರುಚಿ, ರೂಢಿ, ಸಂಕಟಗಳನ್ನೆಲ್ಲ ಕರತಲಾಮಲಕವಾಗಿ ಬಲ್ಲವರು ಅವರು. ತಮ್ಮ ತಿಳಿವಳಿಕೆ ಸರಿಯೆಂದು ತೋರಿಸುವ ಗಳಿಗೆ ಬಂದಾಗ ಎದುರಿಗೆ ನಿಂತ ಒಬ್ಬ ತಾಯಿ ಅವರಿಗೆ ಅಡ್ಡಿಯಾಗುವುದಿಲ್ಲ. ಅವರು ತಪ್ಪುವುದು ಒಂದೇ ಸಲ, ಆದರೆ ಆ ತಪ್ಪಿನೊಂದಿಗೆ ಬದುಕಬೇಕಾದವರು ಯಾವಾಗಲೂ ಬೇರೆಯವರು.