ರಾಯರ ಕಾರಿನ ಮೇಲೆ ರೊಟ್ಟಿ

ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ, ರಾಯಚೂರಿನ ಗುಂಡೂರಾಯರು, ಸಾಫ್ಟ್‌ವೇರ್ ಹುಡುಗಿ ಹರ್ಷಿತಾಳಿಗೆ ಗದರಿದ್ದರು: "ಕರೆದ್ರ ನಾಯಿ ಬರಬೇಕ್ರಿ. ಇಲ್ಲಾಂದ್ರ ಇಲ್ಲಿ ಇರಂಗಿಲ್ಲ."

ಪರೀಕ್ಷೆಯ ದಿನ ಅಂಗಳದಲ್ಲಿ ಅವರೆದುರಿಗೆ ಆಕೆ "ಪಿಂಟೂ, ಕಮ್!" ಎಂದು ಗಂಟಲು ಹರಿದುಕೊಂಡರೂ ಪಿಂಟು ಹುಲ್ಲು ಮೂಸುತ್ತಲೇ ಇತ್ತು. ಹುಡುಗಿಯ ಕಣ್ಣು ತುಂಬಿತು.

ಆಕೆಯ ಮನೆಯಲ್ಲಿ ಅಡುಗೆ ಮಾಡುವವಳು ನಾನು. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಪಿಂಟು ಓಡಿ ಬರುತ್ತಿತ್ತು, ಮೊದಲ ತುಂಡು ಅದಕ್ಕೇ. ಪಕ್ಕದಲ್ಲೇ ನಿಂತಿದ್ದ ರಾಯರ ಕಾರಿನ ಮೇಲೆ ಅಂಗೈಯಿಂದ ಹಾಗೆಯೇ ಪಟಪಟ ಬಡಿದೆ.

ಪಿಂಟು ಬಾಣದಂತೆ ಬಂತು. ಹಿಂದೆಯೇ, ನಾನು ಅಡುಗೆಮನೆಯ ಕಿಟಕಿಯಿಂದ ಗುಟ್ಟಾಗಿ ರೊಟ್ಟಿ ಎಸೆಯುತ್ತಿದ್ದ ಬೀದಿ ನಾಯಿಗಳೂ ಬಂದು ಸಾಲಾಗಿ ಕೂತವು.

ರಾಯರು ಹೌಹಾರಿದರು. "ಆತು, ಪಿಂಟು ಇರಲಿ. ಇವ್ಯಾಕ ಬಂದ್ವು ದಾನಮ್ಮ?"

"ಅದರ ಪರೀಕ್ಷಾ ನೋಡಾಕ ಬಂದಿರಬೇಕ್ರಿ," ಎಂದೆ.