ಐವನ್ ಎರಕ ಹೊಯ್ದ ಗುಂಡು

ಪರದೇಶದ ಕೆಂಟ್ ಊರಿನ ಒಂದು ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗ ತಪ್ಪಿ ಬಹಳ ದಿನವಾಗಿತ್ತು. ಅಲ್ಲಿ ಐವನ್ ಸೀಸ ಕರಗಿಸುತ್ತಿದ್ದ. ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಜೀವಮಾನವಿಡೀ ಅಳತೆ ಪರೀಕ್ಷೆ ಮಾಡಿ ನಿವೃತ್ತನಾದವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಿದ್ದರೂ ತುಂಡನ್ನು ಪಕ್ಕಕ್ಕಿಡುವ ಚಾಳಿ ನಿವೃತ್ತಿಯ ಮೇಲೂ ಬಿಡಲಿಲ್ಲ. ಕೈ ಸುಮ್ಮನಿರದೆ ಒಂದು ಹಳೇ ಮಾದರಿಯ ರೈಫಲ್ ಕೊಂಡ. ದುರ್ಬೀನಿಲ್ಲ, ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿ ಕಬ್ಬಿಣದ ಗುರಿಮೊನೆಯಷ್ಟೇ. ಒಂದು ಸಲಕ್ಕೆ ಒಂದೇ ತೋಟಾ. ಅಂಥ ಬಂದೂಕಿಗೆ ಮೆತ್ತಗಿನ ಸೀಸದ ಗುಂಡೇ ಸರಿ ಎಂದು ತಿಳಿದ ಮೇಲೆ ಅಚ್ಚು ತರಿಸಿ, ಸೀಸಕ್ಕೆ ಚೂರು ತವರ ಬೆರೆಸಿ, ತಾನೇ ಎರಕ ಹೊಯ್ಯತೊಡಗಿದ.

ಜೊತೆಗೆ ಗೌಸ್ ಇದ್ದ. ಅದೇ ಕಾರ್ಖಾನೆಯವನು, ಮೈಸೂರಿನ ಕಡೆಯವನು. ಉಡುಪಿಯ ಕ್ರಿಶ್ಚಿಯನ್ ಐವನ್‌ಗೂ ಮೈಸೂರಿನ ಸಾಬರಿಗೂ ಆ ಊರಲ್ಲಿ ಗಂಟಲು ಬಿಟ್ಟು ಹರಟಲು ಇದ್ದದ್ದು ಕನ್ನಡ ಒಂದೇ. ಗೌಸ್ ಹತ್ತಿರವೂ ಅಂಥದೇ ಬಂದೂಕಿತ್ತು. ಶನಿವಾರ ಬೆಳಿಗ್ಗೆ ಇಬ್ಬರೂ ಬೆಟ್ಟದ ತಪ್ಪಲಿನ ಶೂಟಿಂಗ್ ರೇಂಜಿಗೆ ಹೋಗಿ, ವಾರದಲ್ಲಿ ಹೊಯ್ದ ಗುಂಡುಗಳು ಎಷ್ಟು ನೆಟ್ಟಗೆ ಹೋಗುತ್ತವೆಂದು ಪರೀಕ್ಷಿಸುವುದು ವಾಡಿಕೆ.

ಆ ವರ್ಷ ವಸಂತದಿಂದ ಐವನ್‌ನ ಗುಂಡುಗಳು ಚೆಲ್ಲಾಪಿಲ್ಲಿಯಾಗತೊಡಗಿದವು. ಮೊದಲೆಲ್ಲ ಗುರಿಯ ಕಾಗದದ ನಡುವೆ ಒತ್ತೊತ್ತಾಗಿ ಬೀಳುತ್ತಿದ್ದವು, ಈಗ ಒಂದು ಮೇಲೆ, ಒಂದು ಕೆಳಗೆ, ಇನ್ನೊಂದು ಕಾಗದವನ್ನೇ ತಪ್ಪಿಸಿಕೊಂಡು. ಸೀಸ ಮೆತ್ತಗಾಯಿತೆಂದು ತವರ ಹೆಚ್ಚು ಹಾಕಿದ. ಅಚ್ಚು ಸಾಕಷ್ಟು ಕಾದಿಲ್ಲವೆಂದು ಇನ್ನಷ್ಟು ಕಾಯಿಸಿದ. ಗುಂಡಿಗೆ ಸವರುವ ಜೇನುಮೇಣದ ಮೇಲೂ ಅನುಮಾನ ಬಂದು ಅದನ್ನೂ ಬದಲಿಸಿದ. ಅಪ್ಪದ ಕಾವಲಿಯಲ್ಲೂ ಮೊದಲ ಅಪ್ಪ ಹರಿದೇ ಹರಿಯುತ್ತದೆ, ಅದಕ್ಕೆ ಯಾರಾದರೂ ಹೀಗೆ ಮುಖ ಗಂಟಿಕ್ಕುತ್ತಾರೆಯೇ ಎಂದು ಹೆಂಡತಿ ಜೂಲಿಯಾನಾ ಕೇಳಿದಳು. ಐವನ್‌ಗೆ ನಗು ಬರಲಿಲ್ಲ.

ಗೌಸ್ ಮಾತ್ರ ಎಲ್ಲಕ್ಕೂ ಹೂಂಗುಟ್ಟಿದ. ತವರ ಎಂದರೆ ತವರ, ಮೇಣ ಎಂದರೆ ಮೇಣ. ಬೇಸಿಗೆಯಿಡೀ ಐವನ್ ಪಕ್ಕದಲ್ಲಿ ನಿಂತು ಬೆವರು ಸುರಿಸಿದ. ಒಂದೇ ಒಂದು ಮಾತಿಗೆ ಒಪ್ಪಲಿಲ್ಲ: ನನ್ನ ಬಂದೂಕಿನಲ್ಲಿ ನೀನೊಮ್ಮೆ ಹೊಡೆದು ನೋಡು ಎಂದು ಐವನ್ ಹೇಳಿದರೆ, ಅದು ಭಾರ, ನನ್ನ ಭುಜ ನೋಯುತ್ತದೆ ಎನ್ನುತ್ತಿದ್ದ. ತನ್ನ ಕಾರು ಮನೆಯಲ್ಲಿ ಸುಮ್ಮನೆ ನಿಂತು ಕೆಡುತ್ತಿದೆಯೆಂದು ಹೇಳಿ ಪ್ರತಿ ವಾರ ತಾನೇ ಡ್ರೈವ್ ಮಾಡುತ್ತಿದ್ದ.

ಅಕ್ಟೋಬರಿನಲ್ಲಿ ಐವನ್ ಕೊನೆಯ ಪರೀಕ್ಷೆಗೆ ನಿಂತ. ಸಣ್ಣ ಸುಕ್ಕಿದ್ದ ಗುಂಡನ್ನೂ ಮತ್ತೆ ಮೂಸೆಗೆ ಹಾಕಿದ. ಗೌಸ್‌ನನ್ನು ಕೂರಿಸಿಕೊಂಡು ಒಂದೊಂದನ್ನೂ ತೂಗಿ, ಸಮತೂಕದವನ್ನೇ ಆರಿಸಿದ. ಇದೂ ಕೈಕೊಟ್ಟರೆ ಬಂದೂಕು ಮಾರಿಬಿಡುವುದೆಂದ. ಆ ಮಾತು ಜೂಲಿಯಾನಾಳ ಕಿವಿಗೆ ಬಿತ್ತು. ಸೀಸದ ವಾಸನೆಗೆ ಎಷ್ಟು ಬೈದಿದ್ದರೂ, ಗಂಡ ಆ ಗ್ಯಾರೇಜಿನಿಂದ ಸಿಳ್ಳೆ ಹಾಕುತ್ತ ಬರುವುದು ಅವಳಿಗೆ ಇಷ್ಟವಿತ್ತು. ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಚಟ್ನಿ ಸ್ಯಾಂಡ್‌ವಿಚ್ ತುಂಬಿಕೊಂಡು, ಎಂದೂ ಇಲ್ಲದವಳು ಆ ಶನಿವಾರ ಕಾರು ಹತ್ತಿದಳು.

ಜಿನುಗು ಮಳೆ. ತಗಡಿನ ಮಾಡಿನ ಕೆಳಗೆ ಐವನ್ ಮರಳಿನ ಚೀಲದ ಮೇಲೆ ಬಂದೂಕಿಟ್ಟು, ಉಸಿರು ಹಿಡಿದು, ನಿಧಾನವಾಗಿ ಐದು ಗುಂಡು ಹೊಡೆದ. ರೇಂಜಿನಲ್ಲಿದ್ದ ಎಲ್ಲರೂ ಬಂದೂಕು ಕೆಳಗಿಟ್ಟ ಮೇಲೆ ಮೂವರೂ ನೂರು ಗಜ ನಡೆದುಹೋಗಿ ನೋಡಿದರು. ಕಾಗದದ ಮೇಲೆ ಮೂರೇ ತೂತು, ಅವೂ ಮೂರು ದಿಕ್ಕಿಗೆ. ಐವನ್ ಬಂದು ಬೆಂಚಿನ ಮೇಲೆ ಕೂತ.

ಅವನ ಮುಖ ನೋಡಲಾರದೆ, ಮಾರುವ ಮೊದಲು ತನಗೂ ಒಮ್ಮೆ ಹೊಡೆಯಲು ಕೊಡಬೇಕೆಂದು ಜೂಲಿಯಾನಾ ಕೇಳಿದಳು. ಗೌಸ್ ಒಂದು ಹೆಜ್ಜೆ ಮುಂದಿಟ್ಟು, ಹಿಂದೆ ಸರಿದ. ಕೆನ್ನೆ ಎಲ್ಲಿಡಬೇಕು, ಗುರಿಮೊನೆಯನ್ನು ಕರಿಯ ಚುಕ್ಕೆಯ ಬುಡಕ್ಕೆ ಹೇಗೆ ತಾಗಿಸಬೇಕು ಎಂದು ಐವನ್ ತಾಳ್ಮೆಯಿಂದ ಹೇಳಿಕೊಟ್ಟ. ಅವಳು ಐದು ಹೊಡೆದಳು. ಐದೂ ಅಂಗೈ ಮುಚ್ಚುವಷ್ಟು ಜಾಗದಲ್ಲಿ ಬಿದ್ದಿದ್ದವು.

"ನೋಡಿದ್ಯಾ ಮಾರಾಯ, ಗುಂಡು ಸರಿಯೇ ಉಂಟು," ಎಂದು ಐವನ್ ಗೌಸ್‌ನ ಬೆನ್ನು ತಟ್ಟಿದ. ಕೈ ಬೆನ್ನ ಮೇಲೇ ನಿಂತಿತು. ಗುಂಡು ಸರಿ, ಬಂದೂಕೂ ಸರಿ. ಗೌಸ್ ದೂರದ ಫರ್ ಮರಗಳ ಕಡೆ ನೋಡುತ್ತಿದ್ದ.

"ನಿನಗೆ ಗೊತ್ತಿತ್ತು," ಎಂದ ಐವನ್.

"ಏಪ್ರಿಲ್‌ನಿಂದ. ತೂಕದ ಮೆಷಿನ್ನಲ್ಲಿ ನೀನು ಮೂರನ್ನ ಎಂಟು ಅಂತ ಓದ್ತಿದ್ದೆ."

"ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು?"

"ಕಣ್ಣಿಂದಾನೇ ಅನ್ನ ತಿಂದೋನು ನೀನು. ನಿನ್ನ ಕಣ್ಣು ಮಂಜಾಗಿದೆ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಗುಂಡೇ ಹೇಳ್ಲಿ ಅಂತ ಬಿಟ್ಟೆ. ಡ್ರೈವ್ ಮಾಡೋಕೆ ಮಾತ್ರ ಬಿಡಲಿಲ್ಲ."

ವಾಪಸು ಬರುವಾಗ ಐವನ್ ಹಿಂದಿನ ಸೀಟಿನಲ್ಲಿ ಕೂತ. ಸಿಟ್ಟು ಯಾರ ಮೇಲೆಂದು ಅವನಿಗೇ ತಿಳಿಯಲಿಲ್ಲ. ಎದುರಿನಿಂದ ಬರುವ ಕಾರುಗಳ ದೀಪದ ಸುತ್ತ ದೊಡ್ಡ ದೊಡ್ಡ ಬಳೆ ಕಾಣುತ್ತಿತ್ತು. ಇಷ್ಟು ದಿನ ಅದನ್ನು ಮಳೆಯ ಲೆಕ್ಕಕ್ಕೆ ಹಾಕಿದ್ದ. ಜೂಲಿಯಾನಾ ಹಿಂದಕ್ಕೆ ಕೈ ಚಾಚಿ ಸ್ಯಾಂಡ್‌ವಿಚ್ ಕೊಟ್ಟಳು. ಅದನ್ನು ತಿಂದು ಮುಗಿಸುವ ಹೊತ್ತಿಗೆ ಅರ್ಧ ದಾರಿ ಕಳೆದಿತ್ತು.

"ನಿನ್ನ ಭುಜ ನಿಜವಾಗಿ ನೋಯ್ತದಾ?" ಎಂದು ಕೇಳಿದ.

"ಭುಜಕ್ಕೇನಾಗಿದೆ? ನಿಂದು ನನ್ನ ಬಂದೂಕಿಗಿಂತ ಒಳ್ಳೇದು. ಹೊಡೀಬೇಕು ಅಂತ ಆವತ್ತಿಂದ ಕೈ ಕಡೀತಿದೆ."

ಐವನ್‌ಗೆ ನಗು ಬಂತು. ಮೊದಲು ತಡೆದುಕೊಂಡ, ಆಮೇಲೆ ಆಗಲಿಲ್ಲ. ಮುಂದೆ ಕೂತ ಇಬ್ಬರೂ ನಕ್ಕರು.

ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು ಡಾಕ್ಟರು. ಕ್ರಿಸ್‌ಮಸ್‌ಗೆ ಮೊದಲು ಒಂದು, ಹೊಸ ವರ್ಷದಲ್ಲಿ ಇನ್ನೊಂದು ಆಪರೇಷನ್ ಆಯಿತು. ಎರಡು ಸಲವೂ ಗೌಸ್ ಕರೆದುಕೊಂಡು ಹೋಗಿ, ಹೊರಗೆ ಕಾದು ಕೂತು, ಕರೆತಂದ. ಭಾರ ಎತ್ತಬಾರದು, ಹೊಗೆಗೆ ಹೋಗಬಾರದು ಎಂದಿದ್ದ ದಿನಗಳಲ್ಲಿ ಗೌಸ್ ಮತ್ತು ಜೂಲಿಯಾನಾ ಎರಕ ಹೊಯ್ದರು. ಐವನ್ ಗ್ಯಾರೇಜಿನ ಆಚೆ ಕುರ್ಚಿ ಹಾಕಿಸಿಕೊಂಡು, ಕರಿ ಕನ್ನಡಕದೊಳಗಿಂದ ಅಪ್ಪಣೆ ಕೊಡಿಸುತ್ತಿದ್ದ. ಇಬ್ಬರೂ ಕೇಳಿಸಿಕೊಂಡು ತಮಗೆ ತೋಚಿದಂತೆ ಮಾಡುತ್ತಿದ್ದರು.

ಡಾಕ್ಟರು ಸರಿ ಎಂದ ಮೇಲೆ ಒಂದು ಬಿಸಿಲಿನ ಶನಿವಾರ ಮೂವರೂ ಮತ್ತೆ ರೇಂಜಿಗೆ ಹೋದರು. ಮೊದಲು ಗೌಸ್ ಹೊಡೆದ, ಆಸೆ ತೀರುವಷ್ಟು. ಆಮೇಲೆ ಐವನ್. ಗುರಿಮೊನೆ ಕತ್ತರಿಸಿಟ್ಟ ಹಾಗೆ ಚೂಪಾಗಿ ಕಂಡು, ಗಳಿಗೆ ಹೊತ್ತು ಹೊಡೆಯುವುದನ್ನೇ ಮರೆತ. ಅವನ ಐದು ಗುಂಡು ಅಂಗೈ ಅಗಲದೊಳಗೆ ಬಿದ್ದವು. ಜೂಲಿಯಾನಾಳವು ಅದಕ್ಕಿಂತ ಕಿರಿದಾದ ಜಾಗದಲ್ಲಿ. ಐವನ್ ಕ್ಯಾಲಿಪರ್ ತೆಗೆದು ಎರಡು ಸಲ ಅಳೆದ. ಅಳತೆ ಬದಲಾಗಲಿಲ್ಲ.

ರೇಂಜು ನಡೆಸುವ ಕ್ಲಬ್ಬಿನ ಮುದುಕನೊಬ್ಬ ಬಂದು, ಮುಂದಿನ ತಿಂಗಳ ಸ್ಪರ್ಧೆಗೆ ಬರುತ್ತೀಯಾ ಎಂದು ಐವನ್‌ನನ್ನು ಕೇಳಿದ. ಐವನ್ ಹೆಂಡತಿಯತ್ತ ಕೈ ತೋರಿಸಿದ. ಹೊಡೆಯುವವಳು ಅವಳು, ಗುಂಡು ಹೊಯ್ಯುವವನು ತಾನು ಎಂದ.